ಜೋಡುಕರೆಯ ‘ಕರೆ’ ಯಾವ ಕರೆ? ಎರಡಕ್ಷರದ ಪದದ ಬಗ್ಗೆ ಒಂದು ಚರ್ಚೆ

ಕದ್ರಿ ಗುಡ್ಡೆ:
ಬೆಂಗಳೂರು ಬ್ರಾಂಚಿನಿಂದ ನಮ್ಮ ಆಫೀಸಿಗೆ ವರ್ಗವಾಗಿ ಬಂದವರೊಬ್ಬರು ಕಂಬಳದ ಬ್ಯಾನರ್ ನೋಡಿ ಕೇಳಿದ್ರು, “ಜೋಡುಕರೆ ಅಂದ್ರೆ ಎರಡೆರಡು ಸಲ ಕರೀತಾರಾ? ಇಲ್ಲ ಗಂಡ ಹೆಂಡತಿ ಇಬ್ಬರನ್ನೂ ಕರೀತಾರಾ?” ಕರೆ ಅಂದ್ರೆ ಕೋಣ ಓಡುವ ಜಾಗ ಅಂತ ಹೇಳಿದೆ. ಅಷ್ಟಕ್ಕೆ ಬಿಡ್ತಾರಾ? ಫೋನ್ ಕರೆಗೂ ಕೋಣದ ಕರೆಗೂ ಎಂತ ಸಂಬಂಧ ಅಂತ ಮತ್ತೆ ಕೇಳಿದ್ರು.

ಯೋಚನೆ ಮಾಡಿದಷ್ಟೂ ಪಟ್ಟಿ ಉದ್ದ ಆಗ್ತಾ ಹೋಯ್ತು. ಹಾಲು ಕರೆಯುವುದು, ಬಟ್ಟೆಗೆ ಕರೆ ಹಿಡಿಯುವುದು, ಮೋಡ ಮಳೆಗರೆಯುವುದು, ಬಂದ್‌ಗೆ ಕರೆ ಕೊಡುವುದು. ಎಲ್ಲ ಒಂದೇ ಬೇರಿಂದ ಹುಟ್ಟಿದ್ದಾ? ಗೊತ್ತಿದ್ದವರು ಹೇಳಿ.

ಗೋಳಿಬಜೆ ಗ್ಯಾಂಗ್:
ಎಣ್ಣೆಯಲ್ಲಿ ಕರೆದ ತಿಂಡಿ ಬಿಟ್ಟಿದ್ದೀರಲ್ಲ. ನಮಗೆ ಅದೇ ಮುಖ್ಯ.

ಮಂಜೊಟ್ಟಿ ಮಾಮ:
ಕಂಬಳದ ವಿಷಯ ಬಂದದ್ದರಿಂದ ಮೊದಲು ಅದನ್ನೇ ಬಿಡಿಸ್ತೇನೆ. ಕರೆ ಅಂದ್ರೆ ಕೋಣಗಳು ಓಡುವ ಕೆಸರಿನ ಸಾಲು. ಒಂದು ತುದಿಯಲ್ಲಿ ಗಂತು, ಅಂದ್ರೆ ಕೋಣ ಬಿಡುವ ಕಡೆ. ಇನ್ನೊಂದು ತುದಿಯಲ್ಲಿ ಮಂಜೊಟ್ಟಿ, ಓಡಿ ಬಂದ ಕೋಣ ಹತ್ತಿ ನಿಲ್ಲುವ ಏರು. ಇವೆರಡರ ನಡುವಿನದ್ದು ಕರೆ. ಪೇಪರಿನವರೂ “ಕೋಣಗಳನ್ನು ಕರೆಗೆ ಇಳಿಸಿದರು” ಅಂತಲೇ ಬರೀತಾರೆ. ಹಿಂದಿನ ಗದ್ದೆ ಕಂಬಳಗಳಲ್ಲಿ ಒಂದೇ ಕರೆ, ಒಂದು ಜೋಡಿ ಓಡಿದ ಮೇಲೆ ಇನ್ನೊಂದು. ಈಗಿನ ಸ್ಪರ್ಧೆಯ ಕಂಬಳಕ್ಕೆ ಪಕ್ಕಪಕ್ಕದಲ್ಲಿ ಎರಡು ಕರೆ ಬೇಕು. ಅದೇ ಜೋಡುಕರೆ.

ಎರಡಕ್ಕೂ ಹೆಸರಿಡುವುದು ನಮ್ಮ ಕ್ರಮ. ಮೂಡುಬಿದಿರೆಯಲ್ಲಿ ಒಂದು ಕೋಟಿ, ಇನ್ನೊಂದು ಚೆನ್ನಯ. ಮಿಯಾರಿನಲ್ಲಿ ಲವ-ಕುಶ, ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ, ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ, ಮಂಗಳೂರಿನಲ್ಲಿ ರಾಮ-ಲಕ್ಷ್ಮಣ. ಮೈಕಿನಲ್ಲಿ “ಕೋಟಿ ಕರೆಯಲ್ಲಿ ಇಂಥವರ ಕೋಣ, ಚೆನ್ನಯ ಕರೆಯಲ್ಲಿ ಇಂಥವರ ಕೋಣ” ಅಂತ ಇಡೀ ರಾತ್ರಿ ಹೇಳ್ತಾ ಇರ್ತಾರೆ. 2020ರಲ್ಲಿ ಐಕಳದ ಓಟ ದೇಶವಿಡೀ ಸುದ್ದಿಯಾಯ್ತಲ್ಲ, ಆಗ ಅಲ್ಲಿನ ಕರೆ 142.5 ಮೀಟರ್ ಅಂತ ಕಂಬಳ ನೋಡದವರಿಗೂ ಬಾಯಿಪಾಠ ಬಂದಿತ್ತು.

ಬೆಂಗಳೂರಿನವರಿಗೆ ಹೇಳಿ, ಎರಡು ಸಲ ಕರೆಯುವ ಕ್ರಮ ಇಲ್ಲ. ಕರೆಯದೆ ಬಂದರೂ ಊಟ ಉಂಟು.

ಬಿಜೈ ಬೋಲ್ತೆ:
ಮಾಮಾ, ಮೈಕಿನಲ್ಲಿ ಕೋಣದ ಯಜಮಾನರ ಹೆಸರು ಕರೀತಾರಲ್ಲ, ಅದರಿಂದಲೇ ‘ಕರೆ’ ಬಂದದ್ದು ಅಂತ ನಮ್ಮ ಕಡೆ ಒಬ್ಬರು ಹೇಳ್ತಿದ್ರು. ಇರಬಹುದಾ?

ಮಂಜೊಟ್ಟಿ ಮಾಮ:
ಮೈಕು ಬಂದು ಎಷ್ಟು ಕಾಲ ಆಯ್ತು, ಕಂಬಳ ಎಷ್ಟು ಕಾಲದ್ದು? ಅದೂ ಬಿಡಿ. ತುಳುವಿನಲ್ಲಿ ಕೂಗಿ ಕರೆಯುವುದಕ್ಕೆ ‘ಲೆಪ್ಪುನಿ’ ಅಂತಲ್ವಾ? “ಎನನ್ ಲೆತ್ತೆರ್” ಅಂತೇವೆ. ತುಳುವರು ಕಟ್ಟಿದ ಗದ್ದೆಗೆ ಕನ್ನಡದ ಕೂಗು ತಂದು ಹೆಸರಿಡುವ ಕರ್ಮ ಎಂತ ಇತ್ತು? ತುಳುವಿನಲ್ಲಿ ಕರೆ ಅಂದ್ರೆ ಬದಿ, ಅಂಚು. “ಮಾರ್ಗೊದ ಕರೆಟ್ ಉಂತುಲೆ” ಅಂದ್ರೆ ಮಾರ್ಗದ ಬದಿಯಲ್ಲಿ ನಿಲ್ಲಿ ಅಂತ. ಹೊಳೆಯ ಬದಿಯೂ ಕರೆ, ಕಡಲ ಬದಿಯೂ ಕರೆ. ಎರಡು ಬದಿಯಾಗಿ ಭಾಗ ಮಾಡಿದ ಗದ್ದೆ ಜೋಡುಕರೆ ಆಯ್ತು ಅಂತ ನನ್ನ ಲೆಕ್ಕ. ಇದು ನನ್ನ ತರ್ಕ, ಪಂಡಿತರು ಬೇಕಾದ್ರೆ ತಿದ್ದಲಿ. ಆದ್ರೆ ಕೂಗುವ ಕರೆಯನ್ನು ಮಾತ್ರ ಇಲ್ಲಿಗೆ ಎಳೆದು ತರಬೇಡಿ.

ತೋಟದ ಭಾವ (ಪುತ್ತೂರು):
ಮಾಮ ಹೇಳಿದ್ದಕ್ಕೆ ನಮ್ಮ ಹವ್ಯಕ ಭಾಷೆಯ ಸಾಕ್ಷಿಯೂ ಉಂಟು. ನಮ್ಮಲ್ಲಿ “ಮಾರ್ಗದ ಕರೆಲಿ”, “ಹೊಳೆಕರೆಲಿ” ಅಂತೇವೆ, ಬದಿ ಅನ್ನುವ ಅರ್ಥದಲ್ಲೇ. ಮನುಷ್ಯರನ್ನು ಕೂಗುವುದಕ್ಕೆ ‘ದೆನಿಗೇಳುದು’. ಕರೆಯುವುದು ಏನಿದ್ರೂ ದನವನ್ನು, ಅದೂ ಹಾಲಿಗೆ. ಸಣ್ಣವನಿದ್ದಾಗ ಶಾಲೆಯಲ್ಲಿ ಮಾಸ್ಟ್ರು “ಅವನನ್ನು ಕರೆ” ಅಂದ್ರೆ ಮನೆಯ ಕಿವಿಗೆ ಅದು ದನದ ಹಟ್ಟಿಯ ಮಾತಿನ ಹಾಗೆ ಕೇಳ್ತಿತ್ತು.

ಮದುವೆಗೆ ಕರೆಯುವುದಕ್ಕೂ ಈ ಜಿಲ್ಲೆಗಳಲ್ಲಿ ಕರೆ ಅನ್ನುವುದು ಕಡಿಮೆ, ‘ಹೇಳಿಕೆ’ ಅಂತಲೇ. “ನಿಮಗೆ ಹೇಳಿಕೆ ಆಗಿದೆಯಾ?” ಅಂತ ಕೇಳಿದ್ರೆ ಘಟ್ಟದ ಮೇಲಿನವರು ಪೊಲೀಸ್ ಸ್ಟೇಷನ್ನಿನ ಹೇಳಿಕೆ ಅಂದುಕೊಳ್ತಾರೆ.

ಕುಂದಾಪ್ರದ್ ಗಂಡ್:
ನಮ್ಮ್ ಬದಿಯಗೆ ಹಾಂಗಲ್ಲ ಮರಾಯ್ರೆ. ಕುಂದಾಪ್ರದಗೆ ಮನ್ಸ್ರನ್ನೂ ಕರೂದೇ, ದನಾನೂ ಕರೂದೇ. ಅದ್ರ್ ಮೇಲ್ ನಮ್ಗೆ ಪದದ್ ಕಡಿಗೆ ‘ಎ’ ನಿಲ್ಲುದಿಲ್ಲ. ಮನೆ ಮನಿ ಆತ್ತ್, ಹೊಳೆ ಹೊಳಿ ಆತ್ತ್, ಕರೆ ಕರಿ ಆತ್ತ್. ಕಪ್ಪು ಬಣ್ಣದ್ ಕರಿಯೂ ಅಲ್ಲೇ ಬಂದ್ ಕೂತ್ಕಂತ್. “ಕರಿ ದನ ಕರಿ” ಅಂದ್ರೆ ಕಪ್ಪು ದನದ್ ಹಾಲ್ ತೆಗಿ ಅಂದೇಳಿಯಾ, ಅದನ್ನ್ ಕೂಗಿ ಕರಿ ಅಂದೇಳಿಯಾ? ಕೈಯಗೆ ಚೆಂಬ್ ಇತ್ತಾ ಇಲ್ಯಾ ಅಂದ್ ಕಾಣ್ಕ್, ಅಷ್ಟೇ.

ಶಕಟರೇಫ (ಉಡುಪಿ):
ಚೆಂಬು ನೋಡಿ ತೀರ್ಮಾನಿಸುವ ಈ ಸ್ಥಿತಿ ನಮಗೆ ಬಂದದ್ದು ಒಂದು ಅಕ್ಷರ ಹೋದದ್ದರಿಂದ. ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ. ಕನ್ನಡ ಪಾಠ ಮಾಡಿ ನಿವೃತ್ತನಾದವನ ಕೈಗೆ ಇಂಥ ಪ್ರಶ್ನೆ ಕೊಟ್ಟರೆ ಹೀಗೇ ಆಗುವುದು.

ಹಳಗನ್ನಡದಲ್ಲಿ ಎರಡು ‘ರ’ ಇದ್ದವು. ಒಂದು ನಾವು ಈಗ ಬರೆಯುವ ರ. ಇನ್ನೊಂದು ಱ, ಶಕಟರೇಫೆ. ಬಂಡಿ ರ ಅಂತಲೂ ಹೇಳುತ್ತಾರೆ. ಉಚ್ಚಾರ ಇನ್ನೂ ಗಡುಸು. ಎರಡೂ ಬೇರೆ ಬೇರೆ ಧ್ವನಿಗಳು, ಒಂದರ ಬದಲು ಇನ್ನೊಂದು ಹಾಕಿದರೆ ಅರ್ಥವೇ ಬದಲಾಗುತ್ತಿತ್ತು. ನಡುಗನ್ನಡದ ಹೊತ್ತಿಗೆ ಬಾಯಲ್ಲಿ ಎರಡೂ ಬೆರೆತವು, ಆಮೇಲೆ ಬರಹದಲ್ಲೂ ಱ ಬಿದ್ದುಹೋಯಿತು. ಹೀಗಾಗಿ ಬೇರೆ ಬೇರೆ ಮನೆಯ ಪದಗಳು ಒಂದೇ ವೇಷ ಹಾಕಿಕೊಂಡು ರಂಗಕ್ಕೆ ಬಂದವು. ಕದ್ರಿಯವರೇ, ನೀವು ಕೊಟ್ಟ ಪಟ್ಟಿಯಲ್ಲಿ ಒಂದೇ ಪದಕ್ಕೆ ಹಲವು ಅರ್ಥ ಬಂದಿಲ್ಲ, ಹಲವು ಪದಗಳಿಗೆ ಒಂದೇ ಕಾಗುಣಿತ ಬಂದಿದೆ.

ಬಿಡಿಸಿ ನೋಡಿ. ಕೂಗಿ ಕರೆಯುವ ‘ಕರೆ’ಯಲ್ಲಿ ಇರುವುದು ಸಾದಾ ರ. ದಡ, ಅಂಚು ಎನ್ನುವ ‘ಕರೆ’ಯಲ್ಲೂ ಸಾದಾ ರ. ಹಾಲು ಕರೆಯುವುದು ‘ಕಱೆ’. ಕೊಳೆ, ಕಲೆ ಎನ್ನುವ ಅರ್ಥದ್ದೂ ‘ಕಱೆ’. ಎರಡು ಇಲ್ಲಿ, ಎರಡು ಅಲ್ಲಿ.

ಇದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಅಷ್ಟು ಹೊತ್ತಿಗೆ ಜನರ ಬಾಯಿಂದ ಱ ಹೋಗಿ ಶತಮಾನಗಳೇ ಆಗಿದ್ದವು. ಆದರೂ ಆ ನಿಘಂಟಿನಲ್ಲಿ ರ ಇರುವ ಕರೆಗೆ ಬೇರೆ ನಮೂದು, ಱ ಇರುವ ಕಱೆಗೆ ಬೇರೆ ನಮೂದು. ಇದಕ್ಕಿಂತ ಮೊದಲು 1872ರಲ್ಲಿ ಕೇಶಿರಾಜನ ಹಳಗನ್ನಡ ವ್ಯಾಕರಣ ಶಬ್ದಮಣಿದರ್ಪಣವನ್ನು ಇದೇ ಊರಿನಿಂದ ಸಂಪಾದಿಸಿ ಹೊರತಂದವರೂ ಅವರೇ. ಹಳಗನ್ನಡದ ಅಕ್ಷರಭೇದದ ಬಗ್ಗೆ ಅವರಿಗೆ ಇದ್ದ ಶ್ರದ್ಧೆ ನಮ್ಮ ಈಗಿನ ಪಠ್ಯಪುಸ್ತಕಗಳಿಗೆ ಇಲ್ಲ. ಇದು ನನ್ನ ಹಳೆಯ ದೂರು.

ಕದ್ರಿ ಗುಡ್ಡೆ:
ಮಾಸ್ಟ್ರೇ, ಬಹಳ ಚಂದ ಹೇಳಿದ್ರಿ. ಒಂದು ಸಂಶಯ. ಮಳೆಗರೆ ಯಾವ ಕಡೆಗೆ? ಮಳೆಯನ್ನು ಕರೆಯುವುದು ಅಂತ ನಾನು ತಿಳ್ಕೊಂಡಿದ್ದೆ.

ಶಕಟರೇಫ (ಉಡುಪಿ):
ತುಂಬ ಜನ ಹಾಗೇ ತಿಳಿಯುತ್ತಾರೆ. ಅದು ಕಱೆ. ಹಾಲು ಕಱೆಯುವುದು ಮತ್ತು ಮಳೆ ಕಱೆಯುವುದು ಒಂದೇ ಕ್ರಿಯಾಪದ. ಧಾರೆಯಾಗಿ ಹೊರಗೆ ಬರುವ ಹಾಗೆ ಮಾಡುವುದು, ಸುರಿಸುವುದು ಅಂತ ಅರ್ಥ. ಮಳೆ + ಕಱೆ ಸೇರಿದಾಗ ಕಕಾರಕ್ಕೆ ಗಕಾರ ಆದೇಶ. ಕಣ್ಣೀರ್ಗರೆ ಅಂದರೂ ಹಾಗೆಯೇ, ಕಣ್ಣೀರನ್ನು ಯಾರೂ ಕೂಗಿ ಕರೆಯುವುದಿಲ್ಲ. ಹೂಮಳೆಗರೆದರು, ಬಾಣದ ಮಳೆಗರೆದನು ಎಂದು ಯಕ್ಷಗಾನದ ಅರ್ಥಧಾರಿಗಳು ರಾತ್ರಿಯಿಡೀ ಹೇಳುತ್ತಾರಲ್ಲ, ಅಲ್ಲೆಲ್ಲ ಇರುವುದು ಹಟ್ಟಿಯ ಕ್ರಿಯಾಪದವೇ.

ಬರ ಬಂದಾಗ ಮಳೆಯನ್ನು ಬೇಡಿ ಕರೆಯುತ್ತೇವೆ, ಅದು ಬೇರೆ. ಅಲ್ಲಿ ಕರೆಯುವವರು ನಾವು. ಮಳೆಗರೆಯುವುದು ಮೋಡ.

ತೋಟದ ಭಾವ (ಪುತ್ತೂರು):
ಆಹಾ, ಇದು ಲಾಯ್ಕ ಆಯ್ತು. ಆಷಾಢದ ನಮ್ಮ ಮಳೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಬಿಜೈ ಬೋಲ್ತೆ:
ಆದ್ರೂ ಎರಡು ರ ಬೇರೆ ಬೇರೆ ಇದ್ದವು ಅಂತ ಹೇಗೆ ನಂಬುವುದು? ಬರಹದಲ್ಲಿ ಮಾತ್ರ ಎರಡು ಇದ್ದಿರಬಹುದಲ್ಲ? ನಮ್ಮ ಶ ಮತ್ತು ಷ ಈಗ ಹಾಗೇ ಆಗಿದೆ, ಬರೀಲಿಕ್ಕೆ ಎರಡು, ಹೇಳ್ಲಿಕ್ಕೆ ಒಂದೇ.

ಕಾಸ್ರೋಡಿನಕ್ಕ:
ಅದಕ್ಕೆ ನಾನು ಸಾಕ್ಷಿ. ಮನೆಯಲ್ಲಿ ಕನ್ನಡ, ಹೊರಗೆ ಕಾಲಿಟ್ಟರೆ ಮಲಯಾಳ. ಮಲಯಾಳದಲ್ಲಿ ಆ ಎರಡು ರ ಈಗಲೂ ಜೀವಂತ ಉಂಟು. ದಡಕ್ಕೆ ‘ಕರ’, ಸಾದಾ ರ. ಕಲೆಗೆ ‘ಕಱ’, ಗಡುಸು ಱ. ಹಾಲು ಕರೆಯುವುದಕ್ಕೆ ‘ಕಱಕ್ಕುಗ’, ಅದೂ ಗಡುಸು. ಒಂದರ ಬದಲು ಇನ್ನೊಂದು ಹೇಳಿ ನೋಡಿ, ಮೀನು ಮಾರುವ ಹೆಂಗಸು ಸಹ ತಿದ್ದುತ್ತಾಳೆ. ನಮ್ಮಲ್ಲಿ ಕನ್ನಡ ಶಾಲೆಯಲ್ಲಿ ಓದಿದವರಿಗೆ ಮಲಯಾಳ ಕಲಿಯುವಾಗ ಮೊದಲ ಪೆಟ್ಟು ತಿನ್ನುವುದೇ ಈ ಎರಡು ರ ದಲ್ಲಿ.

ತಮಿಳಿನಲ್ಲೂ ಹಾಗೇ: ದಡ ‘ಕರೈ’, ಕಲೆ ‘ಕಱೈ’. ಮಾಸ್ಟ್ರು ಹಳಗನ್ನಡಕ್ಕೆ ಹೇಳಿದ ಲೆಕ್ಕ ಮೂರು ಭಾಷೆಯಲ್ಲೂ ಸರಿಯಾಗಿ ಕೂತುಕೊಳ್ಳುತ್ತದೆ. ಕಾಕತಾಳೀಯವಾಗಿ ಇಷ್ಟು ಸರಿ ಬರುತ್ತದಾ?

ಇನ್ನೊಂದು ತಮಾಷೆ. ಮಲಯಾಳದಲ್ಲಿ ‘ಅಕ್ಕರೆ’ ಅಂದ್ರೆ ಆಚೆ ದಡದಲ್ಲಿ, ‘ಇಕ್ಕರೆ’ ಅಂದ್ರೆ ಈಚೆ ದಡದಲ್ಲಿ. “ಅಕ್ಕರೆ ನಿಕ್ಕುಂಬೋಳ್ ಇಕ್ಕರೆ ಪಚ್ಚ” ಅಂತ ಗಾದೆ ಉಂಟು. ಆ ದಡದಲ್ಲಿ ನಿಂತಾಗ ಈ ದಡ ಹಸಿರು, ನಮ್ಮ ದೂರದ ಬೆಟ್ಟ ನುಣ್ಣಗೆ ಇದ್ದ ಹಾಗೆ. ಘಟ್ಟದ ಕಡೆಯಿಂದ ಬಂದ ನನ್ನ ಅತ್ತಿಗೆಗೆ ಯಾರೋ ಚಂದ್ರಗಿರಿ ಹೊಳೆ ತೋರಿಸಿ “ಅವರು ಅಕ್ಕರೆ” ಅಂದಿದ್ದಕ್ಕೆ ಅವರು ತುಂಬಾ ಪ್ರೀತಿಯ ಜನ ಇರಬೇಕು ಅಂದುಕೊಂಡಿದ್ದಳು.

ಕುಂದಾಪ್ರದ್ ಗಂಡ್:
ಅಕ್ಕಾ, ಹಾಂಗಾರೆ ನಮ್ಮ ಪ್ರೀತಿಯ ಅಕ್ಕರೆಯೂ ಆಚಿ ದಡದಿಂದ ಬಂದದ್ದಾ?

ಕಾಸ್ರೋಡಿನಕ್ಕ:
ಇಲ್ಲಪ್ಪ. ಆ ಅಕ್ಕರೆಗೆ ಜೋಡಿ ತಮಿಳಿನ ‘ಅಕ್ಕಱೈ’, ಕಾಳಜಿ ಅಂತ ಅರ್ಥ. ಅಲ್ಲಿಯೂ ಗಡುಸು ರ. ಮತ್ತೆ ಱ ಬಂದು ಕಾಪಾಡಿತು.

ಮಲ್ಪೆ ಬೊಂಡಾಸ:
ಕಡಲಬದಿಯವರು ಇನ್ನೂ ಮಾತಾಡಿಲ್ಲ. ನಮ್ಮಲ್ಲಿ ಬಲೆ ಎಳೆಯುವುದು ಕರೆಗೆ, ದೋಣಿ ತರುವುದು ಕರೆಗೆ. ಕೈರಂಪಣಿ ಬಲೆ ಇಡೀ ಊರು ಸೇರಿ ಎಳೆಯುವುದು ಕರೆಯಲ್ಲಿ ನಿಂತೇ. ದಡ, ತೀರ ಎಲ್ಲ ಪೇಪರಿನ ಮಾತು.

ಹೇಳಬೇಕೆಂದಿದ್ದು ಬೇರೆ. ಮಲ್ಪೆ ಹತ್ತಿರದ ಪಡುಕರೆ ನೋಡಿದ್ದೀರಲ್ಲ? ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ನಡುವೆ ಉದ್ದಕ್ಕೆ ಒಂದು ಪಟ್ಟಿ ನೆಲ. ಪಡು ಅಂದ್ರೆ ಪಶ್ಚಿಮ, ಕರೆ ಅಂದ್ರೆ ದಡ. ಪಡುವಣ ದಡ, ನೋಡಿದ ಹಾಗೇ ಹೆಸರು. ಆದ್ರೆ ಬೋರ್ಡಿನಲ್ಲೂ ಪೇಪರಿನಲ್ಲೂ ಎಷ್ಟೋ ಸಲ ‘ಪಡುಕೆರೆ’ ಅಂತ ಬರುತ್ತದೆ. ಬೀಚಿಗೆ ಬಂದವರು ಕೆರೆ ಎಲ್ಲಿ ಅಂತ ಕೇಳ್ತಾರೆ! ಕರೆ ಅಂದ್ರೆ ದಡ ಅಂತ ಗೊತ್ತಿಲ್ಲದ ಯಾರೋ ತಿದ್ದಿ ‘ಸರಿ’ ಮಾಡಿದ್ದು ಅಂತ ನನ್ನ ಅನುಮಾನ.

ಕುಂದಾಪ್ರದ್ ಗಂಡ್:
ಕೋಟದಗೂ ಒಂದ್ ಪಡುಕರೆ ಇತ್ತ್. ಅದೂ ಕಡಲ ಬದಿಯೇ. ಅಲ್ಲಿನ್ ಕಾಲೇಜಿನ್ ಹೆಸರಗೆ ‘ಪಡುಕರೆ’ ಅಂದೇ ಸರಿ ಬರದಿರ್.

ಮಂಜೊಟ್ಟಿ ಮಾಮ:
ಬೊಂಡಾಸಣ್ಣ, ಇದರ ಉಲ್ಟಾ ನಮ್ಮ ಮೂಡುಬಿದಿರೆಯಲ್ಲಿ. ಕೋಟಿ-ಚೆನ್ನಯ ಕಂಬಳ ಆಗುವ ಜಾಗದ ಹೆಸರು ಕಡಲಕೆರೆ. ಕಂಬಳ ಇದೆ, ‘ಕರೆ’ ಇದೆ, ಹೆಸರಲ್ಲಿ ‘ಕಡಲ’ ಬೇರೆ ಇದೆ. ಹೊಸಬರು ಕಡಲಕರೆ ಅಂತ ಓದಿ ಸಮುದ್ರ ಹುಡುಕ್ತಾರೆ. ಅಲ್ಲಿ ಇರುವುದು ನಿಜವಾದ ಕೆರೆಯೇ, ಸಮುದ್ರಕ್ಕೆ ತುಂಬ ದೂರ. ಕೆರೆಗೆ ಒಂದು ಕರೆ, ಕರೆಗೆ ಒಂದು ಕೆರೆ. ಬೋರ್ಡ್ ಬರೆಯುವವರಿಗೆ ನಮಸ್ಕಾರ.

ಗೋಳಿಬಜೆ ಗ್ಯಾಂಗ್:
ಕರಾವಳಿಯಲ್ಲಿ ಇರುವುದೂ ಈ ಕರೆಯೇ ಅಲ್ವಾ?

ಶಕಟರೇಫ (ಉಡುಪಿ):
ಹೌದು, ದಡದ ಕರೆಯೇ. ಕರೆ + ಆವಳಿ ಎಂದು ಬಿಡಿಸುವುದು ರೂಢಿ. ಆವಳಿ ಅಂದರೆ ಸಾಲು. ಹಾಗೆ ಬಿಡಿಸಿದರೆ ಮೊದಲ ಪದ ಕನ್ನಡ, ಎರಡನೆಯದು ಸಂಸ್ಕೃತ, ಅರಿಸಮಾಸ. ಪರೀಕ್ಷೆಯಲ್ಲಿ ಅರಿಸಮಾಸಕ್ಕೆ ಉದಾಹರಣೆ ಕೇಳಿದರೆ ಮಕ್ಕಳು ಯಾವುದೋ ಕಾವ್ಯದಿಂದ ಹುಡುಕುತ್ತಾರೆ, ಕಾಲಡಿಯ ನೆಲ ಬಿಟ್ಟು.

ಘಟ್ಟದ ಮೇಲೆ ದಡ ಎನ್ನುವ ಅರ್ಥದ ಕರೆ ಮಾತಿನಲ್ಲಿ ಹೆಚ್ಚುಕಡಿಮೆ ಅಳಿದೇಹೋಗಿದೆ. ಕರಾವಳಿ ಅನ್ನುವ ಪದದೊಳಗೆ ಮಾತ್ರ ಅವರಿಗೆ ಅದು ಸಿಗುತ್ತದೆ. ನಮ್ಮಲ್ಲಿ ತುಳು, ಹವ್ಯಕ, ಮೊಗವೀರರ ಮಾತು ಎಲ್ಲ ಕಡೆ ಬಳಕೆಯಲ್ಲಿದೆ. ಕದ್ರಿಯವರ ಆಫೀಸಿನವರಿಗೆ ಜೋಡುಕರೆ ತಿಳಿಯದೆ ಇದ್ದದ್ದು ಅವರ ದೋಷ ಅಲ್ಲ.

ಕಾಸ್ರೋಡಿನಕ್ಕ:
ಬಟ್ಟೆಯ ಅಂಚಿಗೂ ಮಲಯಾಳದಲ್ಲಿ ‘ಕರ’ ಅಂತಲೇ. ಓಣಂಗೆ ಉಡುವ ಮುಂಡಿನ ಚಿನ್ನದ ಬಣ್ಣದ ಅಂಚು ಕಸವು ಕರ. ತಮಿಳರಲ್ಲಿ ಪಾರ್ಟಿ ಬಣ್ಣದ ಅಂಚಿನ ವೇಷ್ಟಿಗೆ ಕರೈ ವೇಷ್ಟಿ. ನೀರಿಗೆ ಅಂಚು ದಡ, ಬಟ್ಟೆಗೆ ದಡ ಅಂಚು. ಕಂಬಳದ ಕರೆಯನ್ನು ಈ ಸಾಲಿಗೆ ಸೇರಿಸುವುದು ನನಗಂತೂ ಕಷ್ಟ ಕಾಣುವುದಿಲ್ಲ.

ಬಟ್ಟೆಯ ಮೇಲೆ ಎರಡು ಕರೆ ಇರಬಹುದು ಅಂತಾಯ್ತು. ಅಂಗಡಿಯವನು ಹಾಕಿದ್ದು ಒಂದು, ನಾವು ಹಾಕಿದ್ದು ಒಂದು. ಒಂದಕ್ಕೆ ದುಡ್ಡು ಜಾಸ್ತಿ, ಇನ್ನೊಂದಕ್ಕೆ ಬೈಗುಳ ಜಾಸ್ತಿ.

ತೋಟದ ಭಾವ (ಪುತ್ತೂರು):
ಆ ಎರಡನೆಯ ಕರೆಯ ಬಗ್ಗೆ ಮಾತಾಡುವ ಅಧಿಕಾರ ತೋಟದವರಿಗೆ ಉಂಟು. ಬಾಳೆಗೊನೆ ಕಡಿದಾಗ ಒಸರುವ ನೀರು ಅಂಗಿಗೆ ತಾಗಿದ್ರೆ ಮೊದಲು ಏನೂ ಕಾಣುವುದಿಲ್ಲ. ಒಗೆದ ಮೇಲೆ ಕಂದು ಬಣ್ಣದಲ್ಲಿ ಎದ್ದು ಬರುತ್ತದೆ. ಮತ್ತೆ ಯಾವ ಸಾಬೂನಿಗೂ ಜಗ್ಗುವುದಿಲ್ಲ. ಗೇರುಹಣ್ಣಿನ ರಸದ್ದೂ ಅದೇ ಕಥೆ, ಅಡಿಕೆ ಚೊಗರಿನದ್ದೂ ಅದೇ ಕಥೆ. ಅದಕ್ಕೆ ತೋಟಕ್ಕೆ ಹೋಗುವ ಅಂಗಿಯೇ ಬೇರೆ, ಪೇಟೆಗೆ ಹೋಗುವುದೇ ಬೇರೆ. ಮದುಮಗನಾಗಿ ಮಾವನ ಮನೆಗೆ ಹೋದವ ಬಿಳಿ ಅಂಗಿಯಲ್ಲಿ ಗೇರುಹಣ್ಣು ಚೀಪಿದ ಕಥೆ ನಮ್ಮ ಪ್ರತಿ ಕುಟುಂಬದಲ್ಲೂ ಒಂದು ಇರುತ್ತದೆ.

ಹಾಗಾಗಿ ನನಗೊಂದು ತರ್ಕ ಹೊಳೆಯಿತು. ಮಾಸ್ಟ್ರು ಹೇಳಿದ ಹಾಗೆ ಹಾಲಿನ ಕಱೆಯೂ ಗಡುಸು, ಕಲೆಯ ಕಱೆಯೂ ಗಡುಸು. ಹಸುವಿನಿಂದ ಹಾಲು ಒಸರುತ್ತದೆ, ಬಾಳೆಯಿಂದ ರಸ ಒಸರುತ್ತದೆ. ರಸ ಒಸರಿದ್ದರಿಂದಲೇ ಕಲೆ. ಎರಡೂ ಒಂದೇ ಪದ ಯಾಕಾಗಬಾರದು?

ಕಾಸ್ರೋಡಿನಕ್ಕ:
ಭಾವ, ನಿಮ್ಮ ಪರವಾಗಿ ಒಂದು ಮಾತು ಹೇಳ್ತೇನೆ. ಮಲಯಾಳದಲ್ಲಿ ‘ಕಱ’ ಅಂದ್ರೆ ಕಲೆಯೂ ಹೌದು, ಮರದಿಂದ ಒಸರುವ ರಸವೂ ಹೌದು.

ಶಕಟರೇಫ (ಉಡುಪಿ):
ತರ್ಕ ಚೆನ್ನಾಗಿದೆ, ಒಪ್ಪಲು ಮಾತ್ರ ನಾನು ಸಿದ್ಧನಿಲ್ಲ. ಬರೋ ಮತ್ತು ಎಮೆನೋ ಅವರ ದ್ರಾವಿಡ ಧಾತುಕೋಶ 1961ರಲ್ಲಿ ಬಂತು, ಪರಿಷ್ಕೃತ ಆವೃತ್ತಿ 1984ರಲ್ಲಿ. ಅದರಲ್ಲಿ ಇವೆರಡಕ್ಕೂ ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದಾರೆ. ಕಾರಣ ವ್ಯಾಕರಣದಲ್ಲೂ ಇದೆ. ಒಂದು ಕ್ರಿಯಾಪದ: ಕಱೆದನು, ಕಱೆಯುತ್ತಾನೆ. ಇನ್ನೊಂದು ನಾಮಪದ, ಕಪ್ಪಾಗು, ಮಲಿನವಾಗು ಎನ್ನುವ ಕಡೆಗೆ ವಾಲುವಂಥದ್ದು. ಹಲ್ಲಿಗೆ ಹಿಡಿದ ಕರೆ ಯಾವ ರಸ ಒಸರಿ ಬಂದದ್ದು? ಎಲೆ ಅಡಿಕೆಯದ್ದು ಅಂತ ನೀವು ಹೇಳುತ್ತೀರಿ, ಗೊತ್ತು! ಆದರೆ ಹೋಲಿಕೆ ಕಂಡಲ್ಲೆಲ್ಲ ನಂಟು ಕಟ್ಟಿದರೆ ಕೊನೆಗೆ ನಿಘಂಟಿನಲ್ಲಿ ಉಳಿಯುವುದು ಹತ್ತು ಪದ.

ತೋಟದ ಭಾವ (ಪುತ್ತೂರು):
ಎಲೆ ಅಡಿಕೆ ಹಾಕುವವನ ಹತ್ತಿರ ಹಲ್ಲಿನ ಮಾತು ತೆಗೆಯಬಾರದಿತ್ತು ಮಾಸ್ಟ್ರೇ. ಸಂಖ್ಯೆ ಬೇರೆ ಇದ್ದರೂ ನನ್ನ ತರ್ಕ ಬಿಡುವುದಿಲ್ಲ. ಹಾಗಾದ್ರೆ ಹಸುವಿನ ‘ಕರು’? ಕರು ಇದ್ದರೆ ತಾನೇ ಕರೆಯುವುದು. ಅದೂ ಹಳಗನ್ನಡದಲ್ಲಿ ಱ ತಾನೇ?

ಶಕಟರೇಫ (ಉಡುಪಿ):
ಹೌದು, ಕಱು. ಆದರೆ ನೆರೆಯ ಭಾಷೆ ನೋಡಿ. ತಮಿಳಿನಲ್ಲಿ ‘ಕನ್ಱು’. ನಮ್ಮ ತುಳುವಿನಲ್ಲಿ ‘ಕಂಜಿ’. ಎರಡರಲ್ಲೂ ನಡುವೆ ಅನುನಾಸಿಕ ಇದೆ. ಕರುವಿನ ಮೂಲರೂಪದಲ್ಲಿ ಅದು ಇತ್ತು, ಕನ್ನಡದಲ್ಲಿ ಬಿದ್ದುಹೋಯಿತು. ಹಾಲು ಕರೆಯುವ ಪದದಲ್ಲಿ ಯಾವ ಭಾಷೆಯಲ್ಲೂ ಅನುನಾಸಿಕದ ಸುಳಿವಿಲ್ಲ. ತುಳು ಮಾತಾಡುವ ಮನೆಯ ಹಟ್ಟಿಯಲ್ಲಿ ನಿಂತರೆ ಸಾಕು, ಇವೆರಡು ಬೇರೆ ಅಂತ ತಿಳಿಯುತ್ತದೆ.

ಮಂಜೊಟ್ಟಿ ಮಾಮ:
ಕಂಜಿ ಅಂದ್ರೆ ತುಳುವಿನಲ್ಲಿ ಬಾಳೆಯ ಮರಿಯೂ ಹೌದು. ಭಾವನಿಗೆ ಇನ್ನೊಂದು ದಾರಿ ಸಿಕ್ಕಿತು ಅಂತ ಕಾಣ್ತದೆ.

ಬಿಜೈ ಬೋಲ್ತೆ:
ನಾಲ್ಕರಲ್ಲಿ ಎರಡನ್ನು ಱ ಬಿಡಿಸಿತು, ಸರಿ. ಉಳಿದ ಎರಡು? ಕೂಗುವ ಕರೆಯೂ ದಡದ ಕರೆಯೂ ಸಾದಾ ರ ಅಂದ್ರಿ. ದಡದಲ್ಲಿ ನಿಂತು ದೋಣಿಯವನನ್ನು ಕರೀತಾರೆ, ಅಂಬಿಗನನ್ನು ಕರೀತಾರೆ. ಅಲ್ಲಿಂದ ಬಂದದ್ದು ಯಾಕಾಗಬಾರದು?

ಶಕಟರೇಫ (ಉಡುಪಿ):
ಭಾವನ ರೋಗ ನಿಮಗೂ ತಗಲಿತೇ? ಕೂಗುವ ಕರೆಗೆ ದಡ ಬೇಕಾಗಿಲ್ಲ. ತಮಿಳಿನಲ್ಲಿ ‘ಕರೈ’ ಎನ್ನುವ ಕ್ರಿಯಾಪದಕ್ಕೆ ಕರೆ ಎನ್ನುವ ಅರ್ಥದ ಜೊತೆಗೆ ಕಾಗೆ ಕೂಗುವುದು ಎನ್ನುವ ಅರ್ಥವೂ ಇದೆ. ಕೂಗು, ಸದ್ದು ಅದರ ಹುಟ್ಟುಗುಣ. ಕಾಗೆ ಒಂದು ಅಗುಳು ಕಂಡರೆ ಬಳಗವನ್ನೆಲ್ಲ ಕರೆಯುತ್ತದೆ ಎಂದು ಬಸವಣ್ಣನವರ ವಚನದಲ್ಲಿ ಬರುತ್ತದಲ್ಲ, ಅಲ್ಲಿ ಕರೆ ಎನ್ನುವುದು ಎಷ್ಟು ಸರಿಯಾದ ಕಡೆ ಬಂದು ಕೂತಿದೆ ನೋಡಿ.

ಇದರ ಸಂತಾನ ದೊಡ್ಡದು. ಕರೆಯೋಲೆ, ಕರೆಗಂಟೆ, ಕರೆತರು, ಹೆಸರು ಹಿಡಿದು ಕರೆ. ಬಂದ್‌ಗೆ ಕರೆ, ಚಳವಳಿಗೆ ಕರೆ ಎನ್ನುವುದು ಪತ್ರಿಕೆಗಳ ಬಳಕೆ. ಫೋನಿಗೆ ಕರೆ ಎಂದದ್ದು ಇನ್ನೂ ಹೊಸತು. ಅದು ಬರಹದಲ್ಲೇ ಹೆಚ್ಚು ಇದೆ, ಬಾಯಿಗೆ ಅಷ್ಟು ಬಂದಿಲ್ಲ.

ಕದ್ರಿ ಗುಡ್ಡೆ:
ನಿಜ. “ನೀವು ಕರೆ ಮಾಡಿದ ಚಂದಾದಾರರು” ಅಂತ ಫೋನಿನ ಒಳಗಿನ ಹೆಂಗಸು ಮಾತ್ರ ಹೇಳುವುದು. ನಾವೆಲ್ಲ “ಫೋನ್ ಮಾಡಿ” ಅಂತೇವೆ.

ಗೋಳಿಬಜೆ ಗ್ಯಾಂಗ್:
ನಮ್ಮ ಅರ್ಜಿ ಇನ್ನೂ ಬಾಕಿ ಉಂಟು. ಕ್ಯಾಂಟೀನಿನ ಬೋರ್ಡಿನಲ್ಲಿ “ಕರೆದ ತಿಂಡಿಗಳು” ಅಂತ ಉಂಟು. ಗೋಳಿಬಜೆಯನ್ನು ಎಣ್ಣೆಯಿಂದ ಕರೆದವರು ಯಾರು?

ಕಾಸ್ರೋಡಿನಕ್ಕ:
ಯಾರೂ ಕರೆದಿಲ್ಲ, ಅದು ತಾನಾಗಿಯೇ ಮೇಲೆ ಬಂತು. ಹುರಿಯುವ ಅರ್ಥದ್ದು ‘ಕರಿ’. ಹಾಗಾಗಿ ಕರಿದ ತಿಂಡಿ. ಕೂಗಿದ್ದಕ್ಕೆ ಕರೆದ. ಬರೆಯುವಾಗ ಕರಿದು, ಕರೆದು ಬೇರೆ ಬೇರೆ. ಬೇಗ ಹೇಳುವಾಗ ಎರಡೂ ‘ಕರ್ದು’ ಆಗುತ್ತದೆ. ಬೋರ್ಡ್ ಬರೆದವ ಕಿವಿಯನ್ನು ನಂಬಿದ್ದಾನೆ. ನಮ್ಮ ಕಡೆ ಮನೆಯಲ್ಲಿ ಹಪ್ಪಳ ಕಾಯಿಸುವುದು ಅಂತಲೇ ಜಾಸ್ತಿ. ಹಾಗಾಗಿ ಕರಿ ಎನ್ನುವುದೇ ಪುಸ್ತಕದಿಂದ ಬಂದ ಮಾತಾಗಿ, ಕಾಗುಣಿತ ಕೈಗೆ ಕೂರಲಿಲ್ಲ.

ಹುಬ್ಬಳ್ಳಿಯಂವ (ಸದ್ಯ ಸುರತ್ಕಲ್):
ನಮಸ್ಕಾರ ಎಲ್ಲಾರಿಗೂ. ನಮ್ಮ ಕಡೆ ‘ಖರೆ’ ಅಂದ್ರ ನಿಜ. ನಾ ಇಲ್ಲಿ ಬಂದ ಹೊಸದಾಗಿ ಮೆಸ್ಸಿನ ಅಣ್ಣಾರು ಇವತ್ತ ಊಟ ಇಲ್ಲಾ ಅಂದ್ರು. ನಾ “ಖರೇನ?” ಅಂದೆ. ಅವರು “ಯಾರನ್ನ ಕರೀಬೇಕು?” ಅಂತ ಕೇಳಿದ್ರು ನೋಡ್ರಿ! ಇದನ್ನೂ ನಿಮ್ಮ ಪಟ್ಟಿಗೆ ಸೇರಸ್ರಿ.

ಬಿಜೈ ಬೋಲ್ತೆ:
ಹುಬ್ಬಳ್ಳಿಯವರೇ, ನೀವು ಮೆಸ್ಸಿನಲ್ಲಿ ಕೇಳುವ ಬದಲು ನಮ್ಮ ಮನೆಗೆ ಬರಬೇಕಿತ್ತು. ನಾವು ಕೊಂಕಣಿಯವರು. ನಮ್ಮಲ್ಲಿ ‘ಖರೆಂ’ ಅಂದ್ರೆ ನಿಜ. ನಿಮಗೆ ಮರಾಠಿಯಿಂದ ಬಂದದ್ದು ನಮಗೆ ಮನೆಮಾತಿನಲ್ಲೇ ಉಂಟು. ನೂರಾರು ಕಿಲೋಮೀಟರ್ ಆಚೆಯ ಮಾತು ಬಿಜೈಯಲ್ಲಿ ಸಿಗುತ್ತದೆ, ನೋಡಿ.

ಶಕಟರೇಫ (ಉಡುಪಿ):
ಆದರೆ ಅದು ಮಹಾಪ್ರಾಣದ ಖ. ಈ ಕುಟುಂಬಕ್ಕೆ ಸೇರಿದ್ದಲ್ಲ, ಪಕ್ಕದ ಮನೆಯದ್ದು. ಊಟಕ್ಕೆ ಬರಲಿ, ಪಾಲು ಕೇಳಬಾರದು.

ಹುಬ್ಬಳ್ಳಿಯಂವ (ಸದ್ಯ ಸುರತ್ಕಲ್):
ಊಟ ಸಿಕ್ರ ಸಾಕ್ರಿ ಸರ.

ಮಲ್ಪೆ ಬೊಂಡಾಸ:
ಮಾಸ್ಟ್ರೇ, ಒಂದು ಪ್ರಶ್ನೆ. ಱ ಹೋದ ಮೇಲೆ ಜನರಿಗೆ ಗೊಂದಲ ಆಗಿರಬೇಕಲ್ಲ? ಹೇಗೆ ಸುಧಾರಿಸಿಕೊಂಡರು? ಚೆಂಬು ನೋಡುವುದೊಂದೇ ದಾರಿಯಾ?

ಶಕಟರೇಫ (ಉಡುಪಿ):
ಒಳ್ಳೆಯ ಪ್ರಶ್ನೆ. ಭಾಷೆಯನ್ನು ಬಳಸುವವರು ಸುಮ್ಮನೆ ಕೂರುವುದಿಲ್ಲ, ಬೇರೆ ಬೇರೆ ಬೇಲಿ ಹಾಕಿಕೊಳ್ಳುತ್ತಾರೆ. ಹಾಲಿನದ್ದಕ್ಕೆ ‘ಕರಾವು’ ಎನ್ನುವ ನಾಮಪದ ನಿಂತಿತು. ಕರಾವಿನ ಹಸು, ಹಸು ಕರಾವಿನಲ್ಲಿದೆ ಅಂತ ಡೇರಿಯವರ ಬಾಯಲ್ಲಿ ದಿನವೂ ಕೇಳಬಹುದು. ಅದನ್ನು ಯಾರೂ ಫೋನ್ ಕರೆ ಜೊತೆ ಬೆರೆಸುವುದಿಲ್ಲ. ಕಲೆ ಎನ್ನುವ ಅರ್ಥದ ಕರೆಯನ್ನು ‘ಕಲೆ’ ಎನ್ನುವ ಪದವೇ ಬಹಳ ಕಡೆ ಹಿಂದಕ್ಕೆ ತಳ್ಳಿತು. ಆದರೆ ಕಲೆಗೆ ಸಂಸ್ಕೃತದ ಕಲೆ ಬಂದು ಜೊತೆಯಾಯಿತು, ಅಲ್ಲಿ ಇನ್ನೊಂದು ಗೊಂದಲ! ದಡದ ಕರೆಯನ್ನು ಘಟ್ಟದ ಮೇಲೆ ದಡವೇ ತಳ್ಳಿತು. ಮಳೆಗರೆ, ಕಣ್ಣೀರ್ಗರೆ ಸಮಾಸದೊಳಗೆ ಗಟ್ಟಿಯಾಗಿ ಅವಿತುಕೊಂಡವು. ಕೊನೆಗೆ ಬಯಲಲ್ಲಿ ಒಂಟಿಯಾಗಿ ನಿಂತದ್ದು ಕೂಗುವ ಕರೆ ಮಾತ್ರ. ಹಾಗಾಗಿ ಈಗ ‘ಕರೆ’ ಅಂದ ಕೂಡಲೇ ಎಲ್ಲರಿಗೂ ಅದೇ ಹೊಳೆಯುವುದು, ಉಳಿದದ್ದೆಲ್ಲ ಅದರ ಮಕ್ಕಳು ಅಂತ ಭ್ರಮೆ.

ಕರಾವಳಿಯಲ್ಲಿ ಈ ತಳ್ಳಾಟ ಪೂರ್ತಿಯಾಗಲಿಲ್ಲ. ತುಳುವಿಗೆ ಲೆಪ್ಪು ಇತ್ತು, ಹವ್ಯಕರಿಗೆ ದೆನಿಗೇಳು ಇತ್ತು. ಕೂಗುವ ಕರೆ ಇಲ್ಲಿ ಯಜಮಾನಿಕೆ ಮಾಡಲಿಕ್ಕಾಗಲಿಲ್ಲ, ದಡದ ಕರೆ ತನ್ನ ಜಾಗ ಬಿಡಲಿಲ್ಲ. ಕುಂದಾಪುರದವರಿಗೆ ಕೂಗಲು ಬೇರೆ ಮಾತಿಲ್ಲ, ಹಾಗಾಗಿ ಅವರು ಇನ್ನೂ ಚೆಂಬು ನೋಡುತ್ತಿದ್ದಾರೆ.

ಕುಂದಾಪ್ರದ್ ಗಂಡ್:
ನಮ್ಗೆ ಚೆಂಬೇ ಸಾಕ್. ಅದಗೆ ಹಾಲ್ ಇದ್ರೆ ಇನ್ನೂ ಒಳ್ಳೇದ್.

ಕದ್ರಿ ಗುಡ್ಡೆ:
ಈ ಱ ಅಕ್ಷರ ಟೈಪ್ ಮಾಡುವುದು ಹೇಗೆ? ನಾನು ಮಾಸ್ಟ್ರ ಪೋಸ್ಟಿನಿಂದ ಕಾಪಿ ಮಾಡಿದೆ.

ಬಿಜೈ ಬೋಲ್ತೆ:
ಯೂನಿಕೋಡಿನಲ್ಲಿ ಉಂಟು. ಕೀಲಿಮಣೆಯಲ್ಲಿ ರ ಒತ್ತಿ ಹಿಡಿದು ನೋಡಿ, ಕೆಲವದರಲ್ಲಿ ಬರುತ್ತದೆ. ಬರದಿದ್ದರೆ ಕಾಪಿಯೇ ಗತಿ. ಅದರ ಹಾಗೆ ಬಿದ್ದುಹೋದ ಹಳಗನ್ನಡದ ಇನ್ನೊಂದು ಅಕ್ಷರ ೞ ಕೂಡ ಯೂನಿಕೋಡಿನಲ್ಲಿ ಉಂಟು, ಆದ್ರೆ ಅದರ ಅಧಿಕೃತ ಹೆಸರು ಮಾತ್ರ ‘ಫ’ ಅಂತ ತಪ್ಪಾಗಿ ದಾಖಲಾಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಕ್ರಮ ಅಲ್ಲಿಲ್ಲವಂತೆ. ನಮ್ಮ ಪಡುಕೆರೆ ಬೋರ್ಡಿಗೆ ಅಂತಾರಾಷ್ಟ್ರೀಯ ಜೊತೆ ಸಿಕ್ಕಿತು.

ಮಲ್ಪೆ ಬೊಂಡಾಸ:
ಹಹ್ಹಾ. ಅದು ಕಂಪ್ಯೂಟರಿನವರು, ಬದಲಿಸದೆ ಇರಲಿ. ನಮ್ಮ ಬೋರ್ಡಿಗೆ ಒಂದು ಡಬ್ಬ ಪೈಂಟ್ ಸಾಕು.

ತೋಟದ ಭಾವ (ಪುತ್ತೂರು):
ಕೊನೆಗೆ ಒಂದು ಉಳಿಯಿತು ಮಾಸ್ಟ್ರೇ. ಮಕ್ಕಳು ಹಟ ಮಾಡುವಾಗ “ಕರಕರೆ ಮಾಡ್ಬೇಡ” ಅಂತ ಬೈತೇವಲ್ಲ, ಅದು ನಾಲ್ಕರಲ್ಲಿ ಯಾವ ಕರೆ? ಅಮ್ಮನನ್ನು ಮತ್ತೆ ಮತ್ತೆ ಕರೆಯುವುದರಿಂದ ಅಂತ ನನ್ನ...

ಶಕಟರೇಫ (ಉಡುಪಿ):
ಬೇಡ ಭಾವ. ಅದು ಅನುಕರಣ ಪದ. ಕಿರಿಕಿರಿ, ಗಿಜಿಗಿಜಿ, ಪಿರಿಪಿರಿ ಇದ್ದ ಹಾಗೆ. ಬಿಡಿಸಲಿಕ್ಕೆ ಅದರಲ್ಲಿ ಏನೂ ಇಲ್ಲ.

ತೋಟದ ಭಾವ (ಪುತ್ತೂರು):
ಏನೂ ಇಲ್ಲವಾ?

ಶಕಟರೇಫ (ಉಡುಪಿ):
ಏನೂ ಇಲ್ಲ. ನೀವೀಗ ಮಾಡುತ್ತಿರುವುದೇ ಅದು.